ಆ ದಡ ಹತ್ತಿದ ಎತ್ತು

ಬರೆಯುವ ಹುಚ್ಚು ಹತ್ತಿಸಿಕೊಂಡು ನನ್ನ ಬಳಿ ಬರುವವರಿಗೆ ನಾನು ಹೇಳುವುದು ಇಷ್ಟೇ. ಚರಿತ್ರೆಯನ್ನು ತಿರುಗಿಸಿ ಬರೆಯಬೇಕೆಂದರೆ ಒಂದನ್ನೇ ತಿರುಗಿಸಿ, ಅದೂ ಸಣ್ಣದನ್ನು. ಎರಡು ತಿರುಗಿಸಿದರೆ ಓದುವವರು ನಂಬುವುದಿಲ್ಲ. ಕೋಟೆ ಬೀಳಲಿಲ್ಲ ಎಂದು ಬರೆಯಬೇಕಾದರೆ ಫಿರಂಗಿಯನ್ನು ಮುಟ್ಟಬೇಡಿ. ಮದ್ದಿನ ಚೀಲ ಹೊತ್ತವನ ಕಾಲಿಗೆ ಒಂದು ಮುಳ್ಳು ಚುಚ್ಚಿಸಿ, ಸಾಕು. ಮುಳ್ಳನ್ನು ಎಲ್ಲರೂ ನಂಬುತ್ತಾರೆ. ಮುಳ್ಳನ್ನು ನಂಬಿದವರು ಅದರ ಬೆನ್ನಿಗೆ ಬರುವ ನೂರು ವರ್ಷವನ್ನೂ ನಂಬುತ್ತಾರೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒದ್ದೆ ಬಟ್ಟೆಯಲ್ಲಿ, ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ಕಲಿತದ್ದು.

ಏಳು ಕಾದಂಬರಿ ಬರೆದಿದ್ದೇನೆ. ಏಳರಲ್ಲೂ ನಡೆದದ್ದು ಕಡಿಮೆ, ನಡೆಯದೇ ಹೋದದ್ದು ಹೆಚ್ಚು. ಓದಿಕೊಂಡವರು ಒಂದಿಬ್ಬರು ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟರು. ನನ್ನ ಗಿರಾಕಿಗಳು ಇಟ್ಟ ಹೆಸರೇ ನನಗೆ ಇಷ್ಟ. ಅಂಗಡಿಗೆ ಬಂದು, “ಸಾರ್, ‘ಹಂಗಾಗದಿದ್ರೆ’ ಹೊಸದು ಬಂತಾ?” ಎಂದು ಕೇಳುತ್ತಿದ್ದರು.

ನಮ್ಮಣ್ಣ ದನದ ದಳ್ಳಾಳಿ. ನಮ್ಮೂರು ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಅಣೆಕಟ್ಟಿನಿಂದ ಮೂರು ಮೈಲಿ ಕೆಳಗೆ, ಹೊಳೆಯ ಈ ದಡದಲ್ಲಿ. ಜಮೀನು ಅನ್ನುವಂಥದ್ದು ಇರಲಿಲ್ಲ. ಅಪ್ಪ ಬೇಗ ಹೋಗಿದ್ದ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಅಣ್ಣ ಸಂತೆಯಿಂದ ಸಂತೆಗೆ ಹೋಗಿ ಕೊಳ್ಳುವವರಿಗೂ ಮಾರುವವರಿಗೂ ನಡುವೆ ಕೈ ಹಾಕಿ ನಾಲ್ಕು ಕಾಸು ತರುತ್ತಿದ್ದ.

ಕೈ ಹಾಕುವುದೆಂದರೆ ನಿಜವಾಗಿಯೂ ಕೈ ಹಾಕುವುದೇ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಯ ಮೇಲೆ ಒಂದು ಟವಲ್ಲು ಮುಚ್ಚಿಕೊಂಡು, ಒಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಅದು ಹತ್ತೋ ನೂರೋ ಎಂಬುದು ಆಡುವವರಿಗೆ ಗೊತ್ತಿರುತ್ತದೆ. ಬಾಯಲ್ಲಿ ಮಳೆ ಬೆಳೆ, ಬೀಗರ ಜಗಳ, ಯಾರ ಮನೆಯ ಎಮ್ಮೆ ಕರು ಹಾಕಿತು ಎಂಬ ಸುದ್ದಿ, ವ್ಯಾಪಾರವೆಲ್ಲ ಬೆರಳಲ್ಲಿ. ಬಾಯಿ ಎಷ್ಟು ಸುಳ್ಳು ಹೇಳಿದರೂ ಸಂತೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಟವಲ್ಲಿನ ಕೆಳಗೆ ಬೆರಳು ಸುಳ್ಳಾಡಬಾರದು. ಹೇಳಿದ್ದನ್ನು ಮೂರು ಸಲ ಒತ್ತಿ ತೋರಿಸಿದರೆ ಮುಗಿಯಿತು, ಅದನ್ನು ಬ್ರಹ್ಮ ಬಂದರೂ ಬದಲಾಯಿಸುವಂತಿಲ್ಲ. ಹಾಗೆ ಒತ್ತಿ ಮಾತು ತಪ್ಪಿದವನಿಗೆ ಮುಂದೆ ಯಾವ ಸಂತೆಯಲ್ಲೂ ಯಾರೂ ಕೈ ಕೊಡುವುದಿಲ್ಲ.

ಅಣ್ಣ ಈ ವಿದ್ಯೆಯನ್ನು ಮನೆಗೂ ತಂದಿದ್ದ. ಊಟಕ್ಕೆ ಕೂತಾಗ ಅವ್ವನ ಎದುರಿಗೇ ಅತ್ತಿಗೆಯ ಸೆರಗಿನ ಕೆಳಗೆ ಕೈ ತೂರಿಸಿ, ಎಷ್ಟು ಮುದ್ದೆ ಬೇಕೆಂದು ಬೆರಳಲ್ಲಿ ಹೇಳುತ್ತಿದ್ದ. ಅತ್ತಿಗೆ ಅವನ ಬೆರಳೊಂದನ್ನು ಕಡಿಮೆ ಮಾಡುತ್ತಿದ್ದಳು. ಅವನು ಮತ್ತೆ ಏರಿಸುತ್ತಿದ್ದ. ಇಬ್ಬರ ಮುಖವೂ ಗಂಭೀರ. ಒಂದು ಮಧ್ಯಾಹ್ನ ಒರಳುಕಲ್ಲಿನ ಪಕ್ಕ ಕೂತು ನಾನು ಇದನ್ನು ಕಂಡೆ. ಕಂಡೆ ಎಂದು ಅವರಿಗೆ ತೋರಿಸಿಕೊಳ್ಳಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊಳೆಯ ಆಚೆ ಊರಿನ ರೈತರೊಬ್ಬರು ಒಂದು ಜೊತೆ ಎತ್ತು ಬೇಕೆಂದಿದ್ದರು. ನಾನೂ ಅಣ್ಣನೂ ಗುಬ್ಬಿ ಸಂತೆಗೆ ಹೋದೆವು. ಜೊತೆ ಸಿಕ್ಕಿತು. ಅಂದು ಅಣ್ಣ ಮೊದಲ ಸಲ ನನ್ನ ಕೈಗೆ ತನ್ನ ಟವಲ್ಲು ಕೊಟ್ಟ.

“ಇವತ್ತು ನೀನಾಡು. ನಾನು ಎಲೆಅಡಿಕೆ ಹಾಕ್ಕೊಂಡು ನೋಡ್ತೀನಿ.”

ಎತ್ತಿನ ಯಜಮಾನ ಹಣ್ಣು ಮುದುಕ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವನಿಗೂ ನನಗೂ ಒಂದೇ ಬೆರಳಿನ ಅಂತರ ಉಳಿದಿತ್ತು. ಹತ್ತು ರೂಪಾಯಿ. ಅಣ್ಣನಾಗಿದ್ದರೆ ಅಲ್ಲಿಗೇ ಮುಗಿಸಿ ಎದ್ದಿರುತ್ತಿದ್ದ. ನನಗೆ ಅದು ಮೊದಲ ವ್ಯಾಪಾರ. ಬಿಡಲಿಲ್ಲ.

“ಏನ್ಲಾ, ಒಂದ್ ಬೆರಳಿಗೆ ಹಿಂಗ್ ಜೋತಾಡ್ತೀಯಲ್ಲ. ಬುಟ್ಬುಡು, ಹೊತ್ತಾಯ್ತು,” ಎಂದ ಅಣ್ಣ.

“ಇನ್ನೊಂದ್ ಗಳಿಗೆ ಇರಣ್ಣ. ದಾರಿಗೆ ಬರ್ತಾನೆ.”

“ದಾರಿಗೆ ಬರ್ಬೇಕಾಗಿರೋದು ಅವ್ನಲ್ಲ ಕಣೋ, ನಾವು. ಇಪ್ಪತ್ತೈದು ಮೈಲಿ ನಡೀಬೇಕು.”

ಮುದುಕ ನಕ್ಕು, “ನಿನ್ ತಮ್ಮ ಜಿಗಣೆ ಕಣಪ್ಪ. ಹೊಟ್ಟೆ ತುಂಬೋಗಂಟ ಬಿಡಾಕಿಲ್ಲ,” ಎಂದ.

ಇಳಿಹೊತ್ತಿಗೆ ಮುದುಕ ಸೋತ. ಆ ಬೆರಳನ್ನು ನನಗೆ ಬಿಟ್ಟುಕೊಟ್ಟು ಮೂರು ಸಲ ಒತ್ತಿದ. ಅಣ್ಣ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ, ಹೆಮ್ಮೆಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆಯೇ ದಾಟಬೇಕಾಗಿದ್ದ ಹೊಳೆಯ ಬಳಿ ನಾವು ಬಂದದ್ದು ಮಧ್ಯಾಹ್ನ.

ಮೇಲೆಲ್ಲೋ ಮಳೆಯಾಗಿ ಅಣೆಕಟ್ಟು ತುಂಬಿತ್ತು. ಹೆಚ್ಚಿನ ನೀರು ಹೊಳೆಗೆ ಬಂದಿತ್ತು. ಬೆಳಿಗ್ಗೆ ಮಂಡಿಯುದ್ದ ಇತ್ತಂತೆ. ಹೆಂಗಸರು ಹುಲ್ಲಿನ ಹೊರೆ ಹೊತ್ತುಕೊಂಡೇ ದಾಟಿದ್ದರಂತೆ. ಅಣ್ಣ ನೀರನ್ನು ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಟವಲ್ಲನ್ನು ತಲೆಗೆ ಸುತ್ತಿಕೊಂಡ.

“ಎದೆಮಟ್ಟ ಬರ್ಬೋದು, ಅಷ್ಟೆ. ಒಂದನ್ನ ನಾನು ದಾಟಿಸ್ತೀನಿ. ಇನ್ನೊಂದನ್ನ ನೀನು ಹಿಡ್ಕಂಡಿರು, ಕೂಗಿದ್ ಮೇಲೆ ಬಿಡು.”

ಅವನು ಕೂಗಲೇ ಇಲ್ಲ. ನಡುಹೊಳೆಯಲ್ಲಿ ತಲೆ ಕಂಡಿತು. ಒಂದು ಸಲ ಕೈ ಕಂಡಿತು. ಆಮೇಲೆ ಟವಲ್ಲು ಮಾತ್ರ ಕಂಡಿತು, ಬಿಚ್ಚಿಕೊಂಡು, ಉದ್ದಕ್ಕೆ ಹರಿದು ಹೋಗುವುದು. ನಾನು ಎತ್ತನ್ನು ಬಿಟ್ಟು ಸೊಂಟದವರೆಗೆ ಇಳಿದೆ. ಕಾಲ ಕೆಳಗಿನ ಮರಳು ಜಾರಿತು, ಹಿಂದಕ್ಕೆ ಬಂದೆ. ಅಣ್ಣನ ಕೈಯಲ್ಲಿದ್ದ ಎತ್ತು ಒಂದೇ ಆ ದಡ ಹತ್ತಿತು. ಹತ್ತಿ ಮೈ ಕೊಡವಿಕೊಂಡು, ತಿರುಗಿ ನಿಂತು ನೀರನ್ನು ನೋಡಿತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ಹಿಂದೆ ಅತ್ತಿಗೆ, ಕೈಯಲ್ಲಿ ಮೊರ. ನನ್ನ ಕೈಯಲ್ಲಿ ಅಣ್ಣನ ಚಪ್ಪಲಿ.

“ಅಣ್ಣ ಎಲ್ಲೋ?”

“ಎತ್ತು ಆ ದಡ ಹತ್ತಿತು ಕಣವ್ವ,” ಎಂದೆ. ಅದು ನಿಜ. ಅತ್ತಿಗೆಯ ಮೊರದಲ್ಲಿ ರಾಗಿ ಅಲುಗುವುದು ನಿಂತುಹೋಗಿತ್ತು. “ಅಣ್ಣನೂ ಹತ್ತಿದ. ನೀರಿಳಿದ್ ಮೇಲೆ ಬರ್ತಾನೆ.”

ಒಂದು ರಾತ್ರಿಯ ಮಟ್ಟಿಗೆ ಎಂದುಕೊಂಡು ಹೇಳಿದ್ದೆ. ಬೆಳಗಾದ ಮೇಲೆ ಊರಿನವರ ಬಾಯಿಂದ ನಿಜ ತಾನಾಗಿ ಬರುತ್ತದೆ, ನಾನು ಹೇಳುವ ಕಷ್ಟವಿರುವುದಿಲ್ಲ ಎಂಬ ಲೆಕ್ಕ. ಬರಲಿಲ್ಲ. ಹೊಳೆಯುದ್ದಕ್ಕೂ ಹುಡುಕಿದರು, ಏನೂ ಸಿಗಲಿಲ್ಲ. ಎರಡನೆಯ ದಿನ ಆಚೆ ದಡದ ಹೊಲದಲ್ಲಿ ಎತ್ತು ಸಿಕ್ಕಿತು, ಮೂಗುದಾರ ಸಮೇತ. “ಹುಡ್ಗ ನಿಜಾನೇ ಹೇಳವ್ನೆ,” ಎಂದರು ಊರಿನವರು. ಎತ್ತು ನನಗೆ ಸಾಕ್ಷಿಯಾಯಿತು. ಮಾರಾಟದ ಗುಟ್ಟು ಇಲ್ಲೇ ಇದೆ ನೋಡಿ: ಅರ್ಧ ನಿಜವನ್ನು ಮುಂದಿಟ್ಟರೆ ಉಳಿದರ್ಧವನ್ನು ಜನ ಕೇಳದೆಯೇ ಕೊಂಡುಕೊಳ್ಳುತ್ತಾರೆ. ಆ ಗುಟ್ಟಿನ ಮೇಲೇ ಏಳು ಕಾದಂಬರಿ ನಿಂತಿವೆ. ಅವಕ್ಕೂ ಮೊದಲಿನದು, ಹೊಸ್ತಿಲ ಮೇಲೆ ನಿಂತು ಹೇಳಿದ್ದು, ಮಾತ್ರ ಅಚ್ಚಾಗಿಲ್ಲ.

ಅಂದಿನಿಂದ ನಮ್ಮ ಮನೆ ನನ್ನ ಕತೆಯೊಳಗೆ ಸಂಸಾರ ಮಾಡತೊಡಗಿತು. ಆ ದಡ ಹತ್ತಿದವನು ಯಾಕೆ ಬರಲಿಲ್ಲ ಎನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ತಲೆಗೆ ಪೆಟ್ಟಾಗಿ ಊರು ಮರೆತಿರಬೇಕು. ಎತ್ತು ಕೈತಪ್ಪಿತೆಂದು ಆ ರೈತರಿಗೆ ಹೆದರಿ ಮೈಸೂರಿನ ಕಡೆ ಹೋಗಿರಬೇಕು. ದೇವರಾಯನದುರ್ಗದ ಬೆಟ್ಟದಲ್ಲಿ ಅವನಂಥ ಸಾಧು ಒಬ್ಬ ಇದ್ದಾನೆ ಎಂದು ಯಾರೋ ಹೇಳಿದರು. ಅವ್ವನನ್ನೂ ಅತ್ತಿಗೆಯನ್ನೂ ನಾನೇ ಕರೆದುಕೊಂಡು ಹೋದೆ. ಸಿಗುವುದಿಲ್ಲ ಎಂದು ಗೊತ್ತಿದ್ದೂ ಕಾಡೊಳಗೆಲ್ಲ ಸುತ್ತಿ ಹುಡುಕಿದೆ. ಸಾಧು ಬೇರೆ ಯಾರೋ. ಇಳಿಯುವಾಗ ಅವ್ವ, “ಕಣ್ಣು ಅವ್ನಂಗೇ ಇತ್ತಲ್ವೇನೋ?” ಎಂದಳು. “ಹೂಂ ಕಣವ್ವ,” ಎಂದೆ. ಆ ‘ಹೂಂ’ ಹೇಳುವ ಅಗತ್ಯವೇ ಇರಲಿಲ್ಲ.

ಅತ್ತಿಗೆಗೆ ಕುಂಕುಮ ತೆಗೆಯಲು ಅವ್ವ ಬಿಡಲಿಲ್ಲ. ಮುಂಬಾಗಿಲಿಗೆ ಅಗಳಿ ಹಾಕಲು ಬಿಡಲಿಲ್ಲ. ಚಪ್ಪಲಿ ಹೊಸ್ತಿಲ ಒಳಗೆ, ಬಲಗಡೆ. “ಬರಿಗಾಲಲ್ಲಿ ಹೋಗವ್ನೆ ನನ್ ಮಗ,” ಎನ್ನುತ್ತಿದ್ದಳು. ಚರ್ಮ ಒಣಗಿ ಸೀಳಬಾರದೆಂದು ಅತ್ತಿಗೆ ಅದಕ್ಕೆ ವರ್ಷಕ್ಕೊಮ್ಮೆ ಹರಳೆಣ್ಣೆ ಹಚ್ಚುತ್ತಿದ್ದಳು. ನಾನು ದಳ್ಳಾಳಿ ಕೆಲಸ ಬಿಟ್ಟು ತುಮಕೂರಿಗೆ ಓಡಿ ಬಂದೆ. ಎತ್ತಿನ ಮುಖ ನೋಡಲು ಆಗುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಹಳೆಯ ವಾರಪತ್ರಿಕೆ ಹರಡಿಕೊಂಡು ಕೂತೆ. ಮೂರು ವರ್ಷಕ್ಕೆ ಹೊರಪೇಟೆಯಲ್ಲಿ ಒಂದು ಮಳಿಗೆ ಹಿಡಿದು ಬಾಡಿಗೆ ಪುಸ್ತಕದ ಲೈಬ್ರರಿ ಇಟ್ಟೆ. ಯಾರಾದರೂ ಅಂಗಡಿ ಇಡುವವರಿದ್ದರೆ ಕೇಳಿ: ಗಿರಾಕಿ ಬಾಯಲ್ಲಿ ಹೇಳುವುದನ್ನು ಬಿಡಿ, ಸರಕು ವಾಪಸು ಬಂದಾಗ ಅದರ ಮೈ ನೋಡಿ. ನನ್ನ ಪುಸ್ತಕಗಳು ಹಿಂದಿರುಗುವಾಗ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿತ್ತು. ನಾಯಕ ಸತ್ತ ಪುಟದಲ್ಲಿ, ‘ಇವನು ಸಾಯಬಾರದಿತ್ತು.’ ಕಾಗದ ಕೈಸೇರದ ಪುಟದಲ್ಲಿ, ‘ಅಯ್ಯೋ, ಒಂದು ದಿನ ಮುಂಚೆ ಬಂದಿದ್ದರೆ!’ ಒಬ್ಬಾಕೆ ಕೊನೆಯ ಎರಡು ಹಾಳೆ ಹರಿದೇ ಹಾಕಿದ್ದಳು. ದಂಡ ಕೇಳಿದರೆ, “ಅದನ್ನ ಇಟ್ಕೊಂಡು ಏನ್ ಮಾಡ್ತೀರ ಸಾರ್, ಚೆನ್ನಾಗಿಲ್ಲ,” ಎಂದಳು. ಇಷ್ಟು ಜನಕ್ಕೆ ಬೇಕಾದದ್ದನ್ನು ಯಾರೂ ಮಾರುತ್ತಿಲ್ಲವಲ್ಲ ಎನ್ನಿಸಿತು.

ಮೊದಲ ಕಾದಂಬರಿಯಲ್ಲಿ ವಿಜಯನಗರ ಬೀಳಲಿಲ್ಲ. ಹಸ್ತಪ್ರತಿ ಹಿಡಿದು ಪ್ರೆಸ್ಸಿಗೆ ಹೋದಾಗ ಯಜಮಾನರು ಕನ್ನಡಕ ಹಣೆಗೇರಿಸಿದರು.

“ಅಲ್ರೀ, ಆಗಿದ್ದನ್ನ ಬರ್ದಿರೋ ಪುಸ್ತಕಾನೇ ಗೋಡೌನಲ್ಲಿ ಗೆದ್ಲು ತಿಂತಾ ಇದೆ. ಆಗದೇ ಇದ್ದಿದ್ದನ್ನ ಯಾರ್ ತಗೋತಾರೆ?”

“ಆಗಿದ್ದು ಎಲ್ರಿಗೂ ಗೊತ್ತು ಸ್ವಾಮಿ. ಗೊತ್ತಿರೋದಕ್ಕೆ ಯಾರು ಕಾಸು ಕೊಡ್ತಾರೆ?”

ಅವರು ನಕ್ಕರು. ನಕ್ಕವರ ಜೊತೆ ಚೌಕಾಶಿ ಸುಲಭ. ಸುತ್ತಲ ಊರುಗಳ ಲೈಬ್ರರಿಗಳಿಗೆ ಹಂಚುವುದು ನನ್ನ ಜವಾಬ್ದಾರಿ ಎಂದು ಒಪ್ಪಿಸಿದೆ. ಓಡಿತು. ಎರಡನೆಯದರಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆಯಲಿಲ್ಲ, ಮುಳ್ಳು ಚುಚ್ಚಿದ್ದು ಅದರಲ್ಲೇ. ಅದೂ ಓಡಿತು. ಒಬ್ಬ ಮೇಷ್ಟ್ರು ಮಾತ್ರ ಅಂಗಡಿಗೇ ಬಂದು ಜಗಳ ತೆಗೆದರು.

“ಶ್ರೀರಂಗಪಟ್ಟಣ ಅಂತ ಇನ್ನೂರು ಪುಟ ಬರ್ದಿದೀರ. ಕಾವೇರಿ ಎಲ್ರೀ? ಒಂದ್ ಕಡೇನೂ ಒಂದ್ ತೊಟ್ಟು ನೀರಿಲ್ವಲ್ಲ!”

“ಬೇಸಿಗೆ ಸಾರ್,” ಎಂದೆ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅವರು ಹೋದ ಮೇಲೆ ಮೊದಲನೆಯ ಪುಸ್ತಕವನ್ನು ತೆಗೆದು ನೋಡಿದೆ. ಹಂಪೆಯ ಬಗ್ಗೆ ಬರೆದಿದ್ದೆ, ತುಂಗಭದ್ರೆ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಕೈ ತಾನಾಗಿಯೇ ಸುತ್ತು ಹಾಕಿಕೊಂಡು ಹೋಗಿತ್ತು.

ಇನ್ನೊಂದು ವಿಷಯವೂ ಅಂದೇ ಕಣ್ಣಿಗೆ ಬಿತ್ತು. ಎರಡರಲ್ಲೂ ಒಬ್ಬ ಸಣ್ಣ ಮನುಷ್ಯ ಬಂದು ಹೋಗುತ್ತಿದ್ದ. ಒಂದರಲ್ಲಿ ಆನೆಯ ಮಾವುತ, ಇನ್ನೊಂದರಲ್ಲಿ ಕೋಟೆಯ ಕಾವಲುಗಾರ. ಇಬ್ಬರೂ ಹೊಸ್ತಿಲು ದಾಟುವ ಮುಂಚೆ ಬಲಗಾಲನ್ನು ಎಡಗಾಲಿನ ಮೀನಖಂಡಕ್ಕೆ ಒರೆಸಿಕೊಳ್ಳುತ್ತಿದ್ದರು. ಅದು ಅಣ್ಣನ ಅಭ್ಯಾಸ. ಅಷ್ಟು ದೊಡ್ಡ ಸಾಮ್ರಾಜ್ಯವನ್ನು ನಾನು ಕಟ್ಟಿ ನಿಲ್ಲಿಸಿದ್ದು ಅವನು ಒಂದು ಬಾಗಿಲೊಳಗೆ ಕಾಲಿಡಲಿ ಎಂದೇ ಇರಬೇಕು. ಬರೆಯುವಾಗ ಹಿಂದೆ ಯಾರೋ ನಿಂತು ಕಾಲು ಒರೆಸಿಕೊಂಡ ಸದ್ದಾದಂತಾಗಿ ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಮೂರನೆಯದು ನಮ್ಮ ಕಡೆಯದೇ. ಬೆಂಗಳೂರಿನಿಂದ ಬರುವ ರೈಲು ತುಮಕೂರು, ಗುಬ್ಬಿಯ ಮೇಲೆ ಹೋಗುತ್ತದಲ್ಲ. ನನ್ನ ಕಾದಂಬರಿಯಲ್ಲಿ ಹಳಿ ಹಾಕುವವರು ಕುಣಿಗಲ್ ದಾರಿ ಹಿಡಿದರು. ಅಳತೆಗೆ ಬಂದ ಅಧಿಕಾರಿಗೆ ಗುಬ್ಬಿಯಲ್ಲಿ ಹೊಟ್ಟೆ ಕೆಟ್ಟಿತು, ಅಷ್ಟೇ ಕಾರಣ. ಕುಣಿಗಲ್ ದೊಡ್ಡ ಜಂಕ್ಷನ್ ಆಯಿತು, ಗುಬ್ಬಿ ಕುಗ್ರಾಮವಾಯಿತು. ಗುಬ್ಬಿಯ ಕೊಬ್ಬರಿ ಮಂಡಿಯವರೊಬ್ಬರು ನನ್ನನ್ನು ಬೀದಿಯಲ್ಲೇ ತಡೆದು, “ನಮ್ಮೂರ ನೀರಿಗೆ ಹೊಟ್ಟೆ ಕೆಡ್ತದೇನ್ರೀ? ನಿಮ್ಗೆ ಗುಬ್ಬಿ ಏನ್ ಅನ್ಯಾಯ ಮಾಡಿತ್ತು?” ಎಂದರು. ಆ ಹತ್ತು ರೂಪಾಯಿಯನ್ನು ಹೇಳದೆ, “ಬರೀ ಕತೆ ಸ್ವಾಮಿ,” ಎಂದು ಕೈ ಮುಗಿದೆ. ಕುಣಿಗಲ್‌ನಲ್ಲಿ ಹೋಟೆಲಿನವರು ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ.

ಆ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಒಬ್ಬನಿದ್ದ. ದೊಡ್ಡ ಕಬ್ಬಿಣದ ಹಿಡಿಯನ್ನು ಜಗ್ಗಿ ರೈಲನ್ನು ಈ ಹಳಿಯಿಂದ ಆ ಹಳಿಗೆ ತಿರುಗಿಸುವವನು. ಅವನಿಗೆ ನಾಲ್ಕು ಪುಟ ಕೊಟ್ಟೆ, ಹೆಂಡತಿಯನ್ನೂ ಕೊಟ್ಟೆ. ಊಟಕ್ಕೆ ಕೂತಾಗ ಅವನು ಅವಳ ಸೆರಗಿನ ಕೆಳಗೆ ಬೆರಳು ಹಿಡಿದು ಎಷ್ಟು ಮುದ್ದೆ ಎಂದು ಚೌಕಾಶಿ ಮಾಡುತ್ತಿದ್ದ.

ಅಷ್ಟರಲ್ಲಿ ಅವ್ವ ಹೋಗಿ ಆರೇಳು ವರ್ಷವಾಗಿತ್ತು. ಊರಿನ ಮನೆಯಲ್ಲಿ ಅತ್ತಿಗೆ ಒಬ್ಬಳೇ. ಮುತ್ತುಗದ ಊಟದೆಲೆ ಹಚ್ಚಿ ಕುಣಿಗಲ್‌ನ ಹೋಟೆಲುಗಳಿಗೆ ಹಾಕಿ ಜೀವನ ಮಾಡುತ್ತಿದ್ದಳು. ಅವಳ ತಂಗಿ ಗುಬ್ಬಿಯಲ್ಲಿ. ಬಂದುಬಿಡು, ಇಬ್ಬರೂ ಸೇರಿ ಎಲೆಯ ವ್ಯಾಪಾರ ದೊಡ್ಡದು ಮಾಡೋಣ ಎಂದು ಕರೆಯುತ್ತಲೇ ಇದ್ದಳು. ಅತ್ತಿಗೆ ಹೋಗಲಾರಳು. ಹೋಗಬೇಕೆಂದರೆ ಮನೆಗೆ ಬೀಗ ಹಾಕಬೇಕು. ಅವನು ಬಂದು ಬೀಗ ನೋಡಿದರೆ? ನಾನು ಹಬ್ಬಕ್ಕೆ ಹೋದಾಗಲೆಲ್ಲ ಆ ಅಗಳಿಯಿಲ್ಲದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗುತ್ತಿದ್ದೆ. ಕಿರ್ರೆಂದ ಕೂಡಲೇ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. “ನಾನು ಅತ್ಗೆ,” ಎನ್ನುತ್ತಿದ್ದೆ. ಸದ್ದು ಮತ್ತೆ ಶುರುವಾಗುತ್ತಿತ್ತು. ಸದ್ದು ನಿಂತ ಆ ಗಳಿಗೆಯಲ್ಲಿ ನಿಜ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅತ್ತಿಗೆ ಹೊರಪೇಟೆಯ ಅಂಗಡಿಗೆ ಬಂದಳು. ಅಣ್ಣ ಹೋದ ಹದಿಮೂರು ವರ್ಷದಲ್ಲಿ ನನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ನನ್ನ ಮೂರನೆಯ ಪುಸ್ತಕ. ಕುಣಿಗಲ್‌ನ ಲೈಬ್ರರಿಯ ಸೀಲು ಕಾಣುತ್ತಿತ್ತು. ನಾಲ್ಕನೇ ಕ್ಲಾಸು ಓದಿದವಳು. ತುಟಿ ಅಲುಗಿಸಿಕೊಂಡು, ಅಕ್ಷರ ಕೂಡಿಸಿ ಓದುತ್ತಾಳೆ.

“ಬನ್ನಿ ಅತ್ಗೆ, ಕೂತ್ಕೊಳಿ. ಕಾಫಿ ತರಿಸ್ತೀನಿ.”

“ಕಾಫಿ ಆಮ್ಯಾಕೆ.” ಪುಸ್ತಕವನ್ನು ಮೇಜಿನ ಮೇಲಿಟ್ಟಳು. “ಮೂರೂ ಓದ್ದೆ ಕಣಪ್ಪ. ಈ ಮುದ್ದೆ ವಿಷ್ಯ ನಂಗೂ ನಿಮ್ಮಣ್ಣಂಗೂ ಬಿಟ್ರೆ ದೇವ್ರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ. ನೀನು ನೋಡಿದ್ದೆ.”

“ಚಿಕ್ಕೋನು ಅತ್ಗೆ ಆಗ. ಏನೋ ಕಣ್ಣಿಗೆ ಬಿತ್ತು.”

“ಹೂಂ. ನಿನ್ ಕಣ್ಣಿಗೆ ಎಲ್ಲಾ ಬೀಳ್ತದೆ. ಮಾತಾಡದೆ ನೋಡ್ಕೊಂಡಿರ್ತೀಯ.” ಅವಳು ಕೂತಳು. “ಒಂದ್ ಮಾತು ಕೇಳ್ತೀನಿ. ಕುಣಿಗಲ್‌ಗೆ ರೈಲು ತಂದಿದೀಯ, ಟೇಸನ್ನು ತಂದಿದೀಯ, ದೊಡ್ಡ ಆಸ್ಪತ್ರೆ ತಂದಿದೀಯ. ನಮ್ ಹೊಳೆ ಎಲ್ಲೋಯ್ತು?”

“ಬೇಸಿಗೆ—” ಎಂದು ಶುರುಮಾಡಿದೆ. ಅವಳು ನಗಲಿಲ್ಲ.

ಅಂಗಡಿಯಲ್ಲಿ ಒಬ್ಬ ಗಿರಾಕಿ ಇದ್ದ. ಅವನನ್ನು ಕಳಿಸಿ ಷಟರು ಅರ್ಧ ಇಳಿಸಿದೆ. ಹೇಗಾದರೂ ವ್ಯಾಪಾರ ಕುದುರಿಸೋಣ ಎಂದು ನನ್ನ ಬುದ್ಧಿ ಓಡಿತು. “ಅತ್ಗೆ, ಇದರ ಮುಂದಿನ ಭಾಗ ಬರೀತೀನಿ. ಆ ಹಳಿ ಬದಲಾಯಿಸೋನು ರಿಟೈರಾಗ್ತಾನೆ, ಊರಿಗೆ ಬರ್ತಾನೆ, ಮನೇಗ್ ಬರ್ತಾನೆ. ನೀವು ಹೇಳ್ದಂಗೆ ಬರೀತೀನಿ.”

“ಕತೆ ಸಾಕು ಕಣಪ್ಪ. ಹೊಟ್ಟೆ ತುಂಬೈತೆ.” ಚೀಲವನ್ನು ಮಡಿಲಿಗೆ ಎಳೆದುಕೊಂಡಳು. “ತಂಗಿ ಮತ್ತೆ ಹೇಳಿ ಕಳ್ಸವ್ಳೆ. ನಾನು ಬಾಗ್ಲು ಹಾಕ್ಬೋದಾ, ಹಾಕ್ಬಾರ್ದಾ? ಅಷ್ಟೇ ನಂಗೆ ಬೇಕಾಗಿರೋದು. ಬಾಯಲ್ಲಿ ಕೇಳಿದ್ರೆ ನೀನು ಕತೆ ಹೇಳ್ತೀಯ. ಅದ್ಕೆ ಬಾಯಲ್ಲಿ ಕೇಳಾಕಿಲ್ಲ.”

ಸುತ್ತ ನೋಡಿದಳು. ನಾನು ಪ್ಯಾಂಟಿನವನಾಗಿ ಎಷ್ಟೋ ವರ್ಷ. ಹೆಗಲ ಮೇಲೆ ಟವಲ್ಲಿಲ್ಲ. ಪುಸ್ತಕದ ಧೂಳು ಹೊಡೆಯುವ ಬಟ್ಟೆ ಮೇಜಿನ ಮೇಲಿತ್ತು. ಅದನ್ನು ಒಮ್ಮೆ ಕೊಡವಿದಳು. “ಕೈ ಕೊಡು.”

ಕೊಟ್ಟೆ. ಬಟ್ಟೆ ಮುಚ್ಚಿದಳು. ಎಲೆ ಹಚ್ಚುವ ಕಡ್ಡಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿಗಳು ಒರಟಾಗಿದ್ದವು.

“ಎತ್ತೊಂದೇ ಆ ದಡ ಹತ್ತಿದ್ರೆ ಒಂದು ಬೆರಳು. ಇಬ್ರೂ ಹತ್ತಿದ್ರೆ ಎರಡು. ದಳ್ಳಾಳಿ ತಮ್ಮ ನೀನು. ನಾನು ದಳ್ಳಾಳಿ ಹೆಂಡ್ತಿ. ಇದ್ರ ಕೆಳಗೆ ಸುಳ್ಳಾಡಿದ್ರೆ ಏನಾಯ್ತದೆ ಅಂತ ನಿಂಗೆ ನಾನು ಹೇಳ್ಬೇಕಾಗಿಲ್ಲ.”

ಹೊರಗೆ ಸೈಕಲ್ ಬೆಲ್ಲು, ಯಾರೋ ನಿಂಬೆಹಣ್ಣು ಕೂಗುತ್ತಿದ್ದರು. ಅತ್ತಿಗೆ ನನ್ನ ಮುಖ ನೋಡದೆ ಗೋಡೆಯ ಪುಸ್ತಕಗಳನ್ನು ನೋಡುತ್ತ, ಸಂತೆಯವರ ಹಾಗೇ, “ಮಳೆ ಈ ಸಲ ತಡ,” ಎಂದಳು. ಎರಡು ಬೆರಳು ಹಿಡಿದರೆ ಅವಳು ಎದ್ದು ಊರಿಗೆ ಹೋಗಿ ಬಾಗಿಲು ತೆರೆದಿಟ್ಟುಕೊಂಡು ಸಾಯುವವರೆಗೂ ಕೂರುತ್ತಾಳೆ. ಒಂದು ಹಿಡಿದರೆ ಹದಿಮೂರು ವರ್ಷವನ್ನು ನಾನು ಅವಳಿಂದ ತೆಗೆದುಕೊಂಡೆ ಎಂದು ಒಪ್ಪಿಕೊಂಡ ಹಾಗೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ತೆಗೆದುಕೊಂಡ ವ್ಯಾಪಾರ ಇನ್ನೊಂದಿಲ್ಲ, ಗುಬ್ಬಿಯದೂ ಅಲ್ಲ.

ಅವಳ ತೋರುಬೆರಳೊಂದನ್ನೇ ಹಿಡಿದು ಒತ್ತಿದೆ.

ಅವಳು ಕೈ ಬಿಡಲಿಲ್ಲ. ಕಾಯುತ್ತಿದ್ದಳು. ಎರಡನೆಯ ಸಲ ಒತ್ತಿದೆ. “ಗುಬ್ಬೀಲೂ ತಡಾನೇ ಅಂತೆ ಮಳೆ,” ಎಂದಳು; ದನಿ ಅಲ್ಲಿಗೆ ಒಡೆಯಿತು. ಮೂರನೆಯ ಸಲ ಒತ್ತಿದೆ.

ಬಟ್ಟೆಯನ್ನು ತೆಗೆದವಳು ಅವಳೇ. ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟಳು. “ಹದಿಮೂರು ವರ್ಸ ಒಂದ್ ಬೆರಳಿಗೆ ಜ್ವಾತಾಡ್ದಲ್ಲೋ,” ಎಂದಳು. ಗುಬ್ಬಿಯ ಆ ಒಂದು ಬೆರಳಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು ಎಲ್ಲವನ್ನೂ ಬಾಯಲ್ಲೇ ಹೇಳಿದೆ: ಮುದುಕ, ಹತ್ತು ರೂಪಾಯಿ, ಇಳಿಹೊತ್ತು, ನೀರು, ಟವಲ್ಲು, ತಿರುಗಿ ನೋಡಿದ ಎತ್ತು. ಅವಳು ಮಧ್ಯೆ ಒಂದೇ ಒಂದು ಕೇಳಿದಳು. “ಅವ್ರು ಕೂಗಿದ್ರಾ?”

“ಇಲ್ಲ ಅತ್ಗೆ.”

“ಸದ್ಯ,” ಎಂದಳು. ಆಮೇಲೆ ಅತ್ತಳು. ಅಷ್ಟು ವರ್ಷ ಅಳಲು ನಾನು ಅವಳಿಗೆ ದಾರಿ ಬಿಟ್ಟಿರಲಿಲ್ಲ.

ಹೊರಡುವಾಗ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಲೈಬ್ರರಿಗೆ ವಾಪಸು ಕೊಡಬೇಕಿತ್ತು. “ಇದ್ರಲ್ಲಿರೋನ್ನ ಸಾಯಿಸ್ಬೇಡ. ಅವ್ನು ಬೇರೆ. ಅವ್ನ ಹೆಂಡ್ತಿನೂ ಬೇರೆ. ಮುದ್ದೆ ತಿನ್ಕೊಂಡು ಇರ್ಲಿ ಇಬ್ರೂ.” ಆ ಚೀಲದೊಳಗಿನಿಂದಲೇ ಹರಳೆಣ್ಣೆಯ ಜಿಡ್ಡು ಹತ್ತಿದ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಬರುವಾಗಲೇ ತಂದಿದ್ದಳು. ನಾನು ಎಷ್ಟು ಬೆರಳು ಹಿಡಿಯುತ್ತೇನೆಂದು ಅವಳಿಗೆ ಗೊತ್ತಿತ್ತು ಎಂದಾಯಿತು.

“ಇದು ನೀನೇ ತಂದಿದ್ದು. ನೀನೇ ಇಟ್ಕೋ.”

ವಾರ ಬಿಟ್ಟು ಊರಿಗೆ ಹೋದೆ. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಹೊಳೆಯ ದಡದಲ್ಲಿ ಅವಳು ಅಣ್ಣನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿಸಿ ಗುಬ್ಬಿಗೆ ಹೋದಳೆಂದು ಪಕ್ಕದ ಮನೆಯವರು ಹೇಳಿದರು. ನನಗೆ ಹೇಳಿ ಕಳಿಸಿರಲಿಲ್ಲ. ಆಮೇಲೆ ಆ ಅಕ್ಕತಂಗಿಯರ ಎಲೆಯ ವ್ಯಾಪಾರ ಚೆನ್ನಾಗಿ ನಡೆಯಿತು. ತುಮಕೂರಿನ ಹೋಟೆಲುಗಳಿಗೂ ಅವರ ಎಲೆ ಬರುತ್ತಿತ್ತು. ಅವಳು ನನ್ನ ಅಂಗಡಿಗೆ ಬರಲಿಲ್ಲ, ನಾನು ಅವಳ ಮನೆಗೆ ಹೋಗಲಿಲ್ಲ. ಟವಲ್ಲಿನ ಕೆಳಗೆ ಮಾತು ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುವುದೇ ಸಂತೆಯ ರೀತಿ.

ನಂತರ ಬರೆದ ನಾಲ್ಕು ಕಾದಂಬರಿಗಳಲ್ಲೂ ಹೊಳೆ ಇದೆ. ಕಾಲು ಒರೆಸಿಕೊಳ್ಳುವವನು ಒಂದರಲ್ಲೂ ಇಲ್ಲ. ಎಷ್ಟು ಕರೆದರೂ ಬರಲಿಲ್ಲ.

ಚಪ್ಪಲಿ ನನ್ನ ಹತ್ತಿರ ಇದೆ. ನನ್ನ ಮನೆಯ ಹೊಸ್ತಿಲ ಒಳಗೆ, ಬಲಗಡೆ. ಹಾಕಿ ನೋಡಿದ್ದೇನೆ, ನನ್ನ ಕಾಲಿಗೆ ದೊಡ್ಡದು. ಯುಗಾದಿಯ ಹಿಂದಿನ ದಿನ ಹರಳೆಣ್ಣೆ ಹಚ್ಚಿ ಬಿಸಿಲಿಗಿಡುತ್ತೇನೆ, ಇಲ್ಲದಿದ್ದರೆ ಚರ್ಮ ಸೀಳುತ್ತದೆ. ಮುಂಬಾಗಿಲು ಕಿರ್ರೆಂದರೆ ಬರೆಯುವ ಕೈ ನಿಲ್ಲುತ್ತದೆ. ಬಂದವರು “ನಾನು” ಎನ್ನುವವರೆಗೂ ಕಾಯುತ್ತೇನೆ.